ಗಿಡ್ಡ ರಿವಾಲ್ವರ್: ಗಡಿ ತಾಲ್ಲೂಕುಗಳ ಪರವಾನಗಿದಾರರು ತಿಳಿದಿರಬೇಕಾದ ಸಂಗತಿಗಳು

ಚಿಕ್ಕೋಡಿ: ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ನಗದು ಹಣದ ಓಡಾಟ ಹೆಚ್ಚು. ನಿಪ್ಪಾಣಿಯ ತಂಬಾಕು ವಹಿವಾಟು, ಕೃಷ್ಣಾ ತೀರದ ಕಬ್ಬು ಮತ್ತು ಸಕ್ಕರೆ ಕಾರ್ಖಾನೆಗಳು, ಪತ್ತಿನ ಸಹಕಾರ ಸಂಘಗಳು, ಚಿನ್ನಾಭರಣದ ಅಂಗಡಿಗಳು ಇಲ್ಲಿನ ಆರ್ಥಿಕ ಜೀವನದ ಆಧಾರ. ಕಬ್ಬಿನ ಹಂಗಾಮಿನಲ್ಲಿ ಕಟಾವು ಗ್ಯಾಂಗ್‌ಗಳಿಗೆ ಮುಂಗಡ ಕೊಡಲು ಹಣ ಹಿಡಿದು ಹೊತ್ತಲ್ಲದ ಹೊತ್ತಿನಲ್ಲಿ ತಿರುಗುವವರಿದ್ದಾರೆ. ಊರಿನಿಂದ ದೂರ, ತೋಟದ ಮನೆಗಳಲ್ಲಿ ಒಂಟಿಯಾಗಿ ವಾಸಿಸುವ ಕುಟುಂಬಗಳಿವೆ. ಇಂಥವರು ಆತ್ಮರಕ್ಷಣೆಗೆಂದು ಆಯುಧ ಪರವಾನಗಿಯ ಬಗ್ಗೆ ಯೋಚಿಸುವುದು ಸಹಜ. ಸೊಂಟದಲ್ಲಿ ಅಡಗುವ, ಹಗುರವಾದ, ಗಿಡ್ಡ ನಳಿಕೆಯ ರಿವಾಲ್ವರ್ ಅವರ ಗಮನ ಸೆಳೆಯುತ್ತದೆ.

ಆದರೆ ಆಯುಧ ಚಿಕ್ಕದಾದ ಮಾತ್ರಕ್ಕೆ ಅದಕ್ಕೆ ಅನ್ವಯಿಸುವ ಕಾನೂನು ಚಿಕ್ಕದಾಗುವುದಿಲ್ಲ. ಯಾವ ಗಡಿಯವರೆಗೆ ಅದನ್ನು ಒಯ್ಯಬಹುದು, ಎಲ್ಲಿ ಒಯ್ಯಬಾರದು, ಯಾವ ಕ್ಷಣದಲ್ಲಿ ಗುಂಡು ಹಾರಿಸುವ ಹಕ್ಕು ಹುಟ್ಟುತ್ತದೆ, ಯಾವ ಕ್ಷಣದಲ್ಲಿ ಅದು ಮುಗಿಯುತ್ತದೆ ಎಂಬುದನ್ನು ಅರಿಯದವನು ರಕ್ಷಣೆಗೆಂದು ಕೊಂಡ ಆಯುಧದಿಂದಲೇ ಆರೋಪಿಯಾಗಿ ನಿಲ್ಲಬೇಕಾದೀತು. ಎರಡು ರಾಜ್ಯಗಳ ನಡುವೆ ನಿತ್ಯ ಓಡಾಡುವ ಈ ಭಾಗದ ಜನರಿಗೆ ಈ ಎಚ್ಚರ ಇನ್ನಷ್ಟು ಅಗತ್ಯ.

ಏನಿದು ಗಿಡ್ಡ ನಳಿಕೆಯ ರಿವಾಲ್ವರ್?

ರಿವಾಲ್ವರ್‌ನಲ್ಲಿ ಗುಂಡುಗಳು ಸುತ್ತುವ ಸಿಲಿಂಡರ್‌ನ ಕುಳಿಗಳಲ್ಲಿ ಕೂರುತ್ತವೆ. ಟ್ರಿಗರ್ ಎಳೆದಾಗಲೊಮ್ಮೆ ಸಿಲಿಂಡರ್ ಒಂದು ಮನೆ ಮುಂದೆ ಸರಿದು ಹೊಸ ಗುಂಡನ್ನು ನಳಿಕೆಯ ನೇರಕ್ಕೆ ತರುತ್ತದೆ. ಪಿಸ್ತೂಲಿನಲ್ಲಿ ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ಗುಂಡು ಮೇಲೇರುತ್ತದೆ. ರಿವಾಲ್ವರ್ ಮತ್ತು ಪಿಸ್ತೂಲಿನ ಮುಖ್ಯ ವ್ಯತ್ಯಾಸ ಇದೇ. ರಿವಾಲ್ವರ್‌ನಲ್ಲಿ ಒಂದು ಗುಂಡು ಸಿಡಿಯದೆ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರೆ ಸಾಕು, ಮುಂದಿನ ಗುಂಡು ಎದುರಿಗೆ ಬರುತ್ತದೆ. ಈ ಸರಳತೆಯೇ ಅದರ ಹೆಗ್ಗಳಿಕೆ.

ಸಾಮಾನ್ಯವಾಗಿ 3 ಇಂಚು ಅಥವಾ ಅದಕ್ಕಿಂತ ಕಡಿಮೆ ಉದ್ದದ ನಳಿಕೆಯ ರಿವಾಲ್ವರನ್ನು ಗಿಡ್ಡ ರಿವಾಲ್ವರ್ ಎನ್ನಲಾಗುತ್ತದೆ. ಬ್ರಿಟನ್ನಿನ ವೆಬ್ಲಿ ಕಂಪನಿ 1872ರಲ್ಲಿ ಹೊರತಂದ ಬುಲ್‌ಡಾಗ್ ಈ ಬಗೆಯ ಆರಂಭಿಕ ಮಾದರಿಗಳಲ್ಲೊಂದು. ಅಮೆರಿಕದಲ್ಲಿ 1927ರಲ್ಲಿ ಬಂದ ಕೋಲ್ಟ್ ಡಿಟೆಕ್ಟಿವ್ ಸ್ಪೆಷಲ್ 2 ಇಂಚಿನ ನಳಿಕೆ ಮತ್ತು 6 ಗುಂಡುಗಳೊಂದಿಗೆ ಮಫ್ತಿ ಪೊಲೀಸರ ಮೆಚ್ಚಿನ ಆಯುಧವಾಯಿತು. 1950ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 5 ಗುಂಡುಗಳ ಇನ್ನೂ ಸಣ್ಣ ಮಾದರಿಯಾದ ಚೀಫ್ಸ್ ಸ್ಪೆಷಲ್ ಅನ್ನು ಪರಿಚಯಿಸಿತು. ಇಂದು ಜಗತ್ತಿನಲ್ಲಿ ಸಿಗುವ ಅನೇಕ ಗಿಡ್ಡ ರಿವಾಲ್ವರ್‌ಗಳು ಇವುಗಳ ಜಾಡಿನಲ್ಲೇ ಬಂದವು.

ಗಿಡ್ಡ ನಳಿಕೆಯಿಂದ ಆಯುಧವನ್ನು ಮರೆಮಾಡುವುದು ಸುಲಭ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಿಂದಿನ ಮತ್ತು ಮುಂದಿನ ಗುರಿಕಣ್ಣುಗಳ ನಡುವಿನ ಅಂತರ ಕಡಿಮೆಯಾಗುವುದರಿಂದ ಕೈ ಕೂದಲೆಳೆಯಷ್ಟು ಅಲುಗಿದರೂ ಗುರಿ ತಪ್ಪುತ್ತದೆ. ಆಯುಧ ಹಗುರವಾದಷ್ಟೂ ಹಿಮ್ಮೆಟ್ಟು ಜೋರಾಗುತ್ತದೆ. ಟ್ರಿಗರ್ ಎಳೆಯಲು ಹೆಚ್ಚು ಬಲ ಬೇಕು. ಆದ್ದರಿಂದ ಇದು ಕೆಲವೇ ಮಾರು ದೂರದ ಆಯುಧ. ಕೊಂಡು ಕಪಾಟಿನಲ್ಲಿಟ್ಟು ವರ್ಷಕ್ಕೊಮ್ಮೆಯೂ ಅಭ್ಯಾಸ ಮಾಡದವರ ಕೈಯಲ್ಲಿ ಇದರ ಉಪಯೋಗ ಅತ್ಯಲ್ಪ.

ದೇಶದಲ್ಲಿ ಸಿಗುವ ಮಾದರಿಗಳು

ಸೇನೆ ಮತ್ತು ಪೊಲೀಸರು ಬಳಸುವ .380, .455 ಹಾಗೂ 9 ಎಂ.ಎಂ. ಗುಂಡುಗಳನ್ನು ಹಾರಿಸಬಲ್ಲ ಕೈಬಂದೂಕುಗಳನ್ನು ಭಾರತದಲ್ಲಿ ನಾಗರಿಕರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅವು ನಿರ್ಬಂಧಿತ ವರ್ಗಕ್ಕೆ ಸೇರಿವೆ. ನಾಗರಿಕರ ಕೈಗೆ ಸಿಗುವುದು ಮುಖ್ಯವಾಗಿ .32 ಮತ್ತು .22 ಬೋರ್‌ನ ಆಯುಧಗಳು.

ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಹಳೆಯ ವೆಬ್ಲಿ ವಿನ್ಯಾಸವನ್ನು ಆಧರಿಸಿದ್ದು. ದೆಹಲಿಯಲ್ಲಿ 2012ರಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ಬಳಿಕ, 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಮಹಿಳೆಯರ ಆತ್ಮರಕ್ಷಣೆಯ ಹೆಸರಿನಲ್ಲಿ ಬಿಡುಗಡೆ ಮಾಡಿತು. ಟೈಟಾನಿಯಂ ಮಿಶ್ರಲೋಹ ಬಳಸಿದ ಇದರ ತೂಕ ಸುಮಾರು 500 ಗ್ರಾಂ. ಬಿಡುಗಡೆಯ ವೇಳೆ ಬೆಲೆ 1.22 ಲಕ್ಷ ರೂಪಾಯಿ ದಾಟಿತ್ತು. ಮಹಿಳೆಯರ ಸುರಕ್ಷತೆಗೆ ಬಂದೂಕು ಪರಿಹಾರವೇ ಎಂಬ ಪ್ರಶ್ನೆಯೂ ಆಗ ದೇಶದಾದ್ಯಂತ ಕೇಳಿಬಂತು. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ಹೊರತಂದ .22 ಬೋರ್‌ನ ‘ನಿಡರ್’ ತೂಕ ಕೇವಲ 250 ಗ್ರಾಂ. ಅದರಲ್ಲಿ 8 ಗುಂಡು ಹಿಡಿಯುತ್ತವೆ.

2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಗೊಂಡು 7 ಕಂಪನಿಗಳಾಗಿ ವಿಭಜನೆಯಾಯಿತು. ಸಣ್ಣ ಆಯುಧಗಳ ತಯಾರಿಕೆ ಕಾನ್ಪುರದ ಅಡ್ವಾನ್ಸ್‌ಡ್ ವೆಪನ್ಸ್ ಆ್ಯಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಪಾಲಿಗೆ ಬಂತು. ಈ ಕಂಪನಿ 2023ರ ಆಗಸ್ಟ್‌ನಲ್ಲಿ ‘ಪ್ರಬಲ್’ ಎಂಬ .32 ರಿವಾಲ್ವರನ್ನು ಬಿಡುಗಡೆ ಮಾಡಿತು. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವುದು ಇದರ ವಿಶೇಷ. ಖಾಸಗಿ ವಲಯದಲ್ಲಿ ವೆಬ್ಲಿ ಆ್ಯಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್‌ಗಳನ್ನು ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ತಯಾರಿಸಲಾಗುತ್ತದೆ.

ಗ್ರಾಹಕರು ಗಮನಿಸಬೇಕಾದ ಅಂಶವೊಂದಿದೆ. .32 ರಿವಾಲ್ವರ್‌ನ ಗುಂಡೂ .32 ಪಿಸ್ತೂಲಿನ ಗುಂಡೂ ಒಂದೇ ಅಲ್ಲ. ಪಿಸ್ತೂಲಿನದು 7.65 ಎಂ.ಎಂ. ಎಂದೂ ಕರೆಯಲಾಗುವ ಬೇರೆ ಕಾಡತೂಸು. ಹೆಸರು ಒಂದೇ ಎಂದು ಒಂದರಲ್ಲಿ ಇನ್ನೊಂದನ್ನು ತುಂಬುವುದು ಅಪಾಯಕಾರಿ.

ಹಲಗಲಿಯಿಂದ ಇಂದಿನವರೆಗೆ

ಆಯುಧ ಮತ್ತು ಪರವಾನಗಿಯ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. 1857ರ ದಂಗೆಯ ವೇಳೆ ಬ್ರಿಟಿಷರು ನಿಶ್ಶಸ್ತ್ರೀಕರಣ ಕಾಯ್ದೆ ತಂದು ಜನರ ಕೈಯಿಂದ ಆಯುಧ ಕಸಿಯಲು ಹೊರಟಾಗ, ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಧಿಕ್ಕರಿಸಿ ದಂಗೆಯೆದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಬ್ರಿಟಿಷ್ ಪಡೆ ಆ ಊರನ್ನು ಸುಟ್ಟು ದಂಗೆಯನ್ನು ಅಡಗಿಸಿತು. ಉತ್ತರ ಕರ್ನಾಟಕದ ಲಾವಣಿಗಳಲ್ಲಿ ಆ ಕಥೆ ಇಂದಿಗೂ ಉಳಿದಿದೆ. ಬಳಿಕ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂತು. ಸ್ವಾತಂತ್ರ್ಯಾನಂತರ ಅದರ ಸ್ಥಾನದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ರೂಪುಗೊಂಡು 1962ರ ಅಕ್ಟೋಬರ್ 1ರಿಂದ ಜಾರಿಯಾಯಿತು. ಈಗಿನ ವಿಧಿವಿಧಾನಗಳನ್ನು 2016ರ ಶಸ್ತ್ರಾಸ್ತ್ರ ನಿಯಮಗಳು ಹಾಗೂ 2019ರ ತಿದ್ದುಪಡಿ ಕಾಯ್ದೆ ನಿರ್ಧರಿಸುತ್ತವೆ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದನ್ನು ಕೆಲವರು ಉದಾಹರಿಸುವುದುಂಟು. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 10 ವರ್ಷಗಳಿಗೆ ವಿಸ್ತರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಅದು ಕೊಡಗಿಗೆ ಸೀಮಿತವಾದ ವ್ಯವಸ್ಥೆ. ಬೆಳಗಾವಿ ಜಿಲ್ಲೆಯ ಯಾರಿಗೂ ಅದು ಅನ್ವಯಿಸುವುದಿಲ್ಲ.

ಆಯುಧ ಹೊಂದುವುದು ಭಾರತದಲ್ಲಿ ಮೂಲಭೂತ ಹಕ್ಕೂ ಅಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ಸಾರ್ವಜನಿಕವಾಗಿ ಕೈಬಂದೂಕು ಒಯ್ಯುವುದು ನಾಗರಿಕರ ಸಾಂವಿಧಾನಿಕ ಹಕ್ಕು ಎಂದು ತೀರ್ಪು ನೀಡಿತು. ಭಾರತದ ಸಂವಿಧಾನದಲ್ಲಿ ಅಂಥ ಹಕ್ಕು ಇಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಪರವಾನಗಿ ಎಂದರೆ ಷರತ್ತುಬದ್ಧ ಅನುಮತಿ ಮಾತ್ರ. ಷರತ್ತು ಮುರಿದರೆ ಅನುಮತಿಯೂ ಹೋಗುತ್ತದೆ.

ಪರವಾನಗಿ ಪಡೆಯುವ ಬಗೆ

ಬೆಳಗಾವಿ ನಗರದಲ್ಲಿ ಪರವಾನಗಿ ನೀಡುವ ಅಧಿಕಾರ ಪೊಲೀಸ್ ಆಯುಕ್ತರದು. ಚಿಕ್ಕೋಡಿ ಭಾಗದ ಐದೂ ತಾಲ್ಲೂಕುಗಳಿಗೆ ಜಿಲ್ಲಾ ದಂಡಾಧಿಕಾರಿಯೂ ಆಗಿರುವ ಜಿಲ್ಲಾಧಿಕಾರಿಯೇ ಪರವಾನಗಿ ಪ್ರಾಧಿಕಾರ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹಿಂಸಾಚಾರ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲುಶಿಕ್ಷೆ ಅನುಭವಿಸಿದವರು ಬಿಡುಗಡೆಯ ನಂತರದ 5 ವರ್ಷ ಆಯುಧ ಹೊಂದುವಂತಿಲ್ಲ. ಶಾಂತಿ ಪಾಲನೆಗೆ ಮುಚ್ಚಳಿಕೆ ಬರೆದುಕೊಟ್ಟವರಿಗೂ ಅದರ ಅವಧಿ ಮುಗಿಯುವವರೆಗೆ ನಿರ್ಬಂಧವಿದೆ.

ನಮೂನೆ ಎ–1ರಲ್ಲಿ ಅರ್ಜಿ ಸಲ್ಲಿಸಬೇಕು. ಗುರುತು ಮತ್ತು ವಿಳಾಸದ ದಾಖಲೆಗಳ ಜೊತೆಗೆ ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಮನೆಯಲ್ಲಿ ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಬೇಕಾಗುತ್ತವೆ. ಸುರಕ್ಷಿತ ಬಳಕೆಯ ತರಬೇತಿಯನ್ನೂ 2016ರ ನಿಯಮಗಳು ಕಡ್ಡಾಯಗೊಳಿಸಿವೆ. ಅರ್ಜಿ ಸ್ಥಳೀಯ ಠಾಣೆಗೆ ಹೋಗಿ ಪೊಲೀಸ್ ವರದಿ ಬರುತ್ತದೆ. ವರದಿಗೆ 30 ದಿನ, ವರದಿ ತಲುಪಿದ ಬಳಿಕ ತೀರ್ಮಾನಕ್ಕೆ 60 ದಿನಗಳ ಗಡುವನ್ನು ನಿಯಮಗಳು ಹಾಕಿವೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ ಅವಕಾಶವಿದೆ.

ಅರ್ಜಿದಾರ ಶ್ರೀಮಂತ ಅಥವಾ ಪ್ರತಿಷ್ಠಿತ ಎಂಬುದು ಪರವಾನಗಿಗೆ ಕಾರಣವಾಗದು. ಜೀವಕ್ಕೆ ನೈಜ ಬೆದರಿಕೆ ಇದೆಯೇ ಎಂಬುದನ್ನು ಪ್ರಾಧಿಕಾರ ನೋಡುತ್ತದೆ. ಆದ್ದರಿಂದ ಬೆದರಿಕೆ ಬಂದಿದ್ದರೆ ಆಗಲೇ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳುವುದು ವಿವೇಕ. ಕಾಡುಹಂದಿಯಂಥ ಪ್ರಾಣಿಗಳಿಂದ ಬೆಳೆ ಕಾಯಲು ಕೊಡುವ ಬಂದೂಕಿನ ಪರವಾನಗಿ ಬೇರೆ, ಆತ್ಮರಕ್ಷಣೆಯ ಪರವಾನಗಿ ಬೇರೆ. ಮೊದಲನೆಯದನ್ನು ತೋರಿಸಿ ರಿವಾಲ್ವರ್ ಕೊಳ್ಳಲಾಗದು.

2019ರ ತಿದ್ದುಪಡಿಯ ಬಳಿಕ ಒಬ್ಬರು ಗರಿಷ್ಠ 2 ಆಯುಧಗಳನ್ನು ಮಾತ್ರ ಹೊಂದಬಹುದು. ಹಿಂದೆ ಈ ಮಿತಿ 3 ಇತ್ತು. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಪ್ರತಿ ಪರವಾನಗಿಯೂ ರಾಷ್ಟ್ರೀಯ ದತ್ತಾಂಶ ಕೋಶದಲ್ಲಿ ದಾಖಲಾಗಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆದಿರಬೇಕು. ಎಷ್ಟು ಗುಂಡು ಕೊಳ್ಳಬಹುದು ಎಂಬುದೂ ಪರವಾನಗಿಯಲ್ಲಿ ನಮೂದಾಗಿರುತ್ತದೆ. ಅಧಿಕೃತ ವ್ಯಾಪಾರಿ ಪ್ರತಿ ಖರೀದಿಯನ್ನೂ ಅದರಲ್ಲಿ ಬರೆದುಕೊಡಬೇಕು.

ಒಯ್ಯುವಾಗ ಪಾಲಿಸಬೇಕಾದ ನಿಯಮ

ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕನ್ನು ಅದಕ್ಕೆಂದೇ ತಯಾರಿಸಿದ ಚೀಲ ಅಥವಾ ಹೋಲ್‌ಸ್ಟರ್‌ನಲ್ಲಿಯೇ ಒಯ್ಯಬೇಕು, ಅದು ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು ಎಂದು 2016ರ ನಿಯಮಗಳು ಹೇಳುತ್ತವೆ. ಮದುವೆ ಮೆರವಣಿಗೆಯಲ್ಲಿ ಸೊಂಟದ ರಿವಾಲ್ವರ್ ಕಾಣುವಂತೆ ಅಂಗಿ ಎತ್ತಿ ತಿರುಗುವುದು, ಮೊಬೈಲ್‌ಗೆ ಆಯುಧ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಪರವಾನಗಿಯನ್ನೇ ಕಳೆದುಕೊಳ್ಳುವ ದಾರಿ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಅವಕಾಶ ಕಲ್ಪಿಸಿದೆ.

ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ ಹಾಗೂ ಶಿಕ್ಷಣ ಸಂಸ್ಥೆಗಳ ಆವರಣಕ್ಕೆ ಆಯುಧ ಒಯ್ಯುವಂತಿಲ್ಲ ಎಂಬುದು ಪರವಾನಗಿಯ ಷರತ್ತುಗಳಲ್ಲೊಂದು. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕದೇವಿ ಜಾತ್ರೆಗೆ ಎರಡೂ ರಾಜ್ಯಗಳಿಂದ ಭಕ್ತರು ಸೇರುತ್ತಾರೆ. ಆ ಜನಸಂದಣಿಯಲ್ಲಿ ಸೊಂಟಕ್ಕೆ ರಿವಾಲ್ವರ್ ಸಿಕ್ಕಿಸಿಕೊಂಡು ಹೋಗುವವನು, ಪರವಾನಗಿ ಇದ್ದರೂ, ಷರತ್ತು ಮುರಿದವನಾಗುತ್ತಾನೆ. ಮಗುವನ್ನು ಶಾಲೆಗೆ ಬಿಡಲು ಹೋಗುವ ಪಾಲಕರಿಗೂ ಇದೇ ಮಾತು ಅನ್ವಯ.

ಬೈಕ್ ಮೇಲೆ ಓಡಾಡುವವರು ರಿವಾಲ್ವರನ್ನು ಬರಿದೇ ಪ್ಯಾಂಟಿನ ಕಿಸೆಗೆ ಹಾಕಿಕೊಳ್ಳುವುದು ಅತ್ಯಂತ ಅಪಾಯಕಾರಿ. ಅದೇ ಕಿಸೆಯ ಕೀಲಿಕೈಯೋ ನಾಣ್ಯವೋ ಟ್ರಿಗರ್‌ಗೆ ಸಿಕ್ಕಬಹುದು. ಟ್ರಿಗರ್ ಪೂರ್ತಿ ಮುಚ್ಚುವಂಥ ಗಟ್ಟಿ ಹೋಲ್‌ಸ್ಟರ್ ಬೇಕೇ ಬೇಕು. ಕೈಚೀಲದಲ್ಲಿ ಇಟ್ಟುಕೊಳ್ಳುವ ಮಹಿಳೆಯರು, ಚೀಲ ಕಸಿದರೆ ಆಯುಧವೂ ಕಳ್ಳನ ಕೈ ಸೇರುತ್ತದೆ ಎಂಬುದನ್ನು ಮರೆಯಬಾರದು. ಸುತ್ತಿಗೆಗೆ ಸುರಕ್ಷಾ ತಡೆ ಇಲ್ಲದ ಹಳೆಯ ಕಾಲದ ರಿವಾಲ್ವರ್‌ಗಳಲ್ಲಿ, ಆಯುಧ ಕೆಳಗೆ ಬಿದ್ದರೂ ಗುಂಡು ಸಿಡಿಯುವ ಭಯವಿದೆ. ಅಂಥವುಗಳಲ್ಲಿ ಸುತ್ತಿಗೆಯ ಕೆಳಗಿನ ಮನೆಯನ್ನು ಖಾಲಿ ಬಿಡುವುದು ರೂಢಿ.

ಮನೆಯಲ್ಲಿದ್ದಾಗ ಗುಂಡು ತೆಗೆದು ಆಯುಧವನ್ನು ಬೀಗ ಹಾಕಿದ ಕಪಾಟಿನಲ್ಲಿಡಬೇಕು. ದಿಂಬಿನ ಕೆಳಗೆ, ಧಾನ್ಯದ ಡಬ್ಬಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡುವುದು ಮಕ್ಕಳ ಜೀವದೊಂದಿಗೆ ಆಟವಾಡಿದಂತೆ. ಮನೆಯಲ್ಲಿ ಯಾರಾದರೂ ಖಿನ್ನತೆಯಿಂದಲೋ ಮದ್ಯವ್ಯಸನದಿಂದಲೋ ಬಳಲುತ್ತಿದ್ದರೆ ಆಯುಧವನ್ನು ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಠೇವಣಿ ಇಡುವುದೇ ಲೇಸು. ಆಯುಧ ಕಳೆದರೆ ಅಥವಾ ಕಳವಾದರೆ ಕೂಡಲೇ ಠಾಣೆಗೆ ತಿಳಿಸಬೇಕು.

ಗಡಿ ದಾಟುವ ಮುನ್ನ

ಈ ಭಾಗದ ಪರವಾನಗಿದಾರರು ಅರಿಯದೆಯೇ ಎಡವಬಹುದಾದ ಜಾಗ ರಾಜ್ಯದ ಗಡಿ. ಪರವಾನಗಿ ಎಲ್ಲೆಲ್ಲಿ ಊರ್ಜಿತ ಎಂಬುದು ಅದರ ಮೇಲೆಯೇ ನಮೂದಾಗಿರುತ್ತದೆ. ವ್ಯಾಪ್ತಿ ಕರ್ನಾಟಕಕ್ಕೆ ಸೀಮಿತವಾಗಿದ್ದರೆ, ಗಡಿಯ ಆಚೆ ಆ ಹಾಳೆಗೆ ಬೆಲೆಯಿಲ್ಲ.

ಆದರೆ ಇಲ್ಲಿನ ಜನಜೀವನಕ್ಕೆ ಗಡಿ ಒಂದು ಗೆರೆ ಮಾತ್ರ. ಕಾಗವಾಡ, ಅಥಣಿ ಭಾಗದ ಜನ ಚಿಕಿತ್ಸೆಗೆ ಮಿರಜ್‌ಗೆ ಹೋಗುತ್ತಾರೆ. ಕಾಗವಾಡದಿಂದ ಮಿರಜ್ ಕೂಗಳತೆಯ ದೂರದಲ್ಲಿದೆ, ಬೆಳಗಾವಿಯೋ ಅಥಣಿಯಿಂದ ನೂರು ಕಿಲೋಮೀಟರಿಗೂ ದೂರ. ನಿಪ್ಪಾಣಿಯ ವ್ಯಾಪಾರಿಗೆ ಕೊಗನೊಳಿ ದಾಟಿ ಕಾಗಲ್, ಕೊಲ್ಹಾಪುರ ಮುಟ್ಟುವುದು ದಿನನಿತ್ಯದ ಮಾತು. ಚಿಕ್ಕೋಡಿ ಸೀಮೆಯವರಿಗೆ ಇಚಲಕರಂಜಿ ಪೇಟೆ ಹತ್ತಿರ. ರಾಯಬಾಗ, ಕುಡಚಿಯಲ್ಲಿ ರೈಲು ಹತ್ತಿದವರು ಮಿರಜ್‌ನಲ್ಲಿ ಇಳಿಯುತ್ತಾರೆ. ಮನೆಯಿಂದ ಹೊರಡುವಾಗ ಕಾನೂನುಬದ್ಧವಾಗಿದ್ದ ಅದೇ ರಿವಾಲ್ವರ್, ಅರ್ಧ ಗಂಟೆಯ ನಂತರ ಅಕ್ರಮ ಆಯುಧವೆನಿಸಬಹುದು. ಪರವಾನಗಿ ಇಲ್ಲದೆ ಆಯುಧ ಹೊಂದಿದ ಅಪರಾಧಕ್ಕೆ 2019ರ ತಿದ್ದುಪಡಿಯಂತೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಹಾಗೂ ದಂಡವಿದೆ. ಪರವಾನಗಿಯ ಷರತ್ತು ಉಲ್ಲಂಘನೆಗೆ 6 ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ನೆರೆರಾಜ್ಯಕ್ಕೆ ನಿಯಮಿತವಾಗಿ ಹೋಗಬೇಕಾದವರು ವ್ಯಾಪ್ತಿ ವಿಸ್ತರಣೆಗೆ ಕಾರಣ ಸಹಿತ ಅರ್ಜಿ ಸಲ್ಲಿಸಬಹುದು. ಅದು ಮಂಜೂರಾಗಿ ಪರವಾನಗಿಯಲ್ಲಿ ನಮೂದಾಗುವವರೆಗೆ ಆಯುಧವನ್ನು ಮನೆಯ ಬೀಗದೊಳಗೆ ಬಿಟ್ಟು ಹೊರಡುವುದೊಂದೇ ದಾರಿ. ಗಡಿಯ ಒಳಗಿದ್ದಾಗಲೂ ಆಯುಧದ ಜೊತೆ ಪರವಾನಗಿ ಇರಲೇಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಪ್ರಯಾಣಿಸುವವರು ವಿಮಾನಯಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಿ, ಗುಂಡು ತೆಗೆದ ಆಯುಧವನ್ನು ಲಗೇಜಿನಲ್ಲೇ ಕಳಿಸಬೇಕು. ಕೈಚೀಲದಲ್ಲಿ ಮರೆತು ಉಳಿದ ಒಂದೇ ಒಂದು ಗುಂಡೂ ಪ್ರಕರಣಕ್ಕೆ ದಾರಿಯಾಗುತ್ತದೆ.

ಮತ್ತೆ ಗುಂಡು ತುಂಬುವುದು

ಗಿಡ್ಡ ರಿವಾಲ್ವರ್‌ನಲ್ಲಿ ಇರುವುದು ಐದಾರು ಗುಂಡು. ಖಾಲಿಯಾದ ಮೇಲೆ ಮತ್ತೆ ತುಂಬಲು ಪಿಸ್ತೂಲಿಗಿಂತ ಹೆಚ್ಚು ಸಮಯ ಬೇಕು. ಮಾದರಿಗೆ ತಕ್ಕಂತೆ ಇದರಲ್ಲಿ ಎರಡು ಬಗೆ.

ನಿರ್ಭೀಕ್ ಮತ್ತು ಹಳೆಯ ಸರ್ಕಾರಿ ಕಾರ್ಖಾನೆಯ .32 ಮಾದರಿಗಳು ನಡುವೆ ಮಡಚಿಕೊಳ್ಳುತ್ತವೆ. ಚಿಲಕ ಒತ್ತಿ ನಳಿಕೆಯನ್ನು ಕೆಳಗೆ ಬಾಗಿಸಿದರೆ ಸಿಲಿಂಡರ್‌ನ ಹಿಂಬದಿ ತೆರೆದುಕೊಂಡು, ಖಾಲಿ ಚಿಪ್ಪುಗಳೆಲ್ಲ ಒಮ್ಮೆಗೇ ಮೇಲೇಳುತ್ತವೆ. ಪ್ರಬಲ್‌ನಂಥ ಮಾದರಿಗಳಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಅದರ ಮುಂಬದಿಯ ಕಡ್ಡಿಯನ್ನು ಒತ್ತಿ ಚಿಪ್ಪು ಹೊರದಬ್ಬಬೇಕು. ಗಿಡ್ಡ ಆಯುಧದಲ್ಲಿ ಈ ಕಡ್ಡಿಯೂ ಗಿಡ್ಡ. ನಿಧಾನವಾಗಿ ಒತ್ತಿದರೆ ಚಿಪ್ಪು ಅರ್ಧಕ್ಕೇ ನಿಂತು ಸಿಕ್ಕಿಕೊಳ್ಳಬಹುದು. ಆದ್ದರಿಂದ ನಳಿಕೆಯ ಬಾಯಿ ಮೇಲಕ್ಕಿರುವಂತೆ ಹಿಡಿದು ಒಂದೇ ಬಾರಿ ಗಟ್ಟಿಯಾಗಿ ಒತ್ತಬೇಕೆಂದು ತರಬೇತುದಾರರು ಕಲಿಸುತ್ತಾರೆ. ಆಮೇಲೆ ನಳಿಕೆಯನ್ನು ನೆಲದತ್ತ ಬಾಗಿಸಿ ಹೊಸ ಗುಂಡುಗಳನ್ನು ಇಳಿಸಬೇಕು. ಎಲ್ಲ ಗುಂಡನ್ನೂ ಒಟ್ಟಿಗೆ ಹಿಡಿದಿರುವ ದುಂಡನೆಯ ಸ್ಪೀಡ್‌ಲೋಡರ್, ಸಾಲಾಗಿ ಹಿಡಿದಿರುವ ಚಪ್ಪಟೆ ರಬ್ಬರ್ ಪಟ್ಟಿ ಇದಕ್ಕೆ ನೆರವಾಗುವ ಸಾಧನಗಳು. ಈ ಹೊತ್ತೆಲ್ಲ ಬೆರಳು ಟ್ರಿಗರ್‌ನಿಂದ ದೂರವಿರಬೇಕು, ನಳಿಕೆ ಯಾರತ್ತಲೂ ತಿರುಗಿರಬಾರದು. ಜೀವವಿಲ್ಲದ ಅಭ್ಯಾಸದ ಗುಂಡುಗಳಿಂದ, ತರಬೇತುದಾರರ ಎದುರು ಇದನ್ನು ಕಲಿಯಬೇಕೇ ಹೊರತು ಮನೆಯ ಪಡಸಾಲೆಯಲ್ಲಿ ಅಲ್ಲ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಗಳು ಆಯುಧದ ಶಿಸ್ತು ಕಲಿಯಲು ಒಳ್ಳೆಯ ಆರಂಭ.

ಹಾರಿಸಿದ ಖಾಲಿ ಚಿಪ್ಪಿಗೆ ಮದ್ದು ತುಂಬಿ ಮತ್ತೆ ಗುಂಡು ಮಾಡಿಕೊಳ್ಳುವುದು ಬೇರೆಯೇ ವಿಚಾರ. ಅನುಮತಿಯಿಲ್ಲದೆ ಹಾಗೆ ಮಾಡಿದರೆ ಅದು ಮದ್ದುಗುಂಡಿನ ಅಕ್ರಮ ತಯಾರಿಕೆ. ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ಉದ್ದ ನಳಿಕೆಯ ಬಂದೂಕನ್ನು ಕೊಯ್ದು ಗಿಡ್ಡ ಮಾಡಿಕೊಳ್ಳುವುದೂ ಗಂಭೀರ ಅಪರಾಧ.

ಹಕ್ಕು ಎಲ್ಲಿಯವರೆಗೆ?

ಗುಂಡು ಮತ್ತೆ ತುಂಬುವ ಮಾತು ಬಂದಾಗಲೇ ಕಾನೂನಿನ ಮುಖ್ಯ ಪ್ರಶ್ನೆ ಏಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ ಇವು 96ರಿಂದ 106ರವರೆಗಿನ ಕಲಮುಗಳಾಗಿದ್ದವು.

ಸಾವು ಅಥವಾ ತೀವ್ರ ಗಾಯದ ನ್ಯಾಯಯುತ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಮುಂತಾದ ಸಂದರ್ಭಗಳಲ್ಲಿ ಮಾತ್ರ ದಾಳಿಕೋರನ ಪ್ರಾಣ ಹೋಗುವಷ್ಟರ ಮಟ್ಟಿಗೆ ಈ ಹಕ್ಕು ವಿಸ್ತರಿಸುತ್ತದೆ ಎಂದು 38ನೇ ಕಲಮು ಹೇಳುತ್ತದೆ. ಸ್ವತ್ತಿನ ವಿಷಯದಲ್ಲಿ ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವಿನ ಕನ್ನಗಳವು, ವಾಸದ ಮನೆಗೆ ಬೆಂಕಿ ಇಡುವುದು ಮೊದಲಾದವು 41ನೇ ಕಲಮಿನಲ್ಲಿವೆ. ಬೈಗುಳಕ್ಕೆ, ಬದುವಿನ ಜಗಳಕ್ಕೆ, ಸಾಲ ಕೊಡದ ಸಿಟ್ಟಿಗೆ ಈ ರಕ್ಷಣೆ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇಲ್ಲ ಎಂಬುದು 37ನೇ ಕಲಮಿನ ಮಿತಿ.

ದೇಹರಕ್ಷಣೆಯ ಹಕ್ಕು ಅಪಾಯದ ಭಯ ಹುಟ್ಟಿದ ಕ್ಷಣದಿಂದ ಆರಂಭವಾಗಿ, ಆ ಭಯ ಇರುವವರೆಗೆ ಮಾತ್ರ ಇರುತ್ತದೆ. ದಾಳಿಕೋರ ಬೆನ್ನು ತಿರುಗಿಸಿ ಓಡಿದ ಮೇಲೆ, ಅಥವಾ ಗಾಯಗೊಂಡು ಬಿದ್ದ ಮೇಲೆ ರಿವಾಲ್ವರ್‌ಗೆ ಮತ್ತೆ ಗುಂಡು ತುಂಬಿ ಹಾರಿಸಿದರೆ ಅದನ್ನು ಆತ್ಮರಕ್ಷಣೆ ಎನ್ನಲು ನ್ಯಾಯಾಲಯ ಒಪ್ಪುವುದು ಕಷ್ಟ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಈ ತತ್ತ್ವಗಳನ್ನು ಕ್ರೋಡೀಕರಿಸಿದೆ. ಪ್ರಾಣಭಯದಲ್ಲಿರುವವನು ತನ್ನ ಪ್ರತಿರೋಧವನ್ನು ತಕ್ಕಡಿಯಲ್ಲಿ ತೂಗಿ ನೋಡಬೇಕೆಂದು ನ್ಯಾಯಾಲಯ ನಿರೀಕ್ಷಿಸುವುದಿಲ್ಲ. ಆದರೆ ರಕ್ಷಣೆಯ ಹಕ್ಕು ಸೇಡಿನ ಹಕ್ಕಲ್ಲ ಎಂಬುದು ಆ ತೀರ್ಪಿನ ಸಾರ.

ಗುಂಡು ಹಾರಿಸಬೇಕಾಗಿ ಬಂದರೆ, ಅಪಾಯ ಕಳೆದ ಕೂಡಲೇ 112ಕ್ಕೆ ಕರೆ ಮಾಡಬೇಕು, ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಬೇಕು. ಖಾಲಿ ಚಿಪ್ಪು, ರಕ್ತದ ಕಲೆ ಯಾವುದನ್ನೂ ಅಳಿಸಬಾರದು. ಆಯುಧವನ್ನು ಪೊಲೀಸರ ವಶಕ್ಕೆ ಕೊಡಬೇಕು. ಎಷ್ಟು ದೂರದಿಂದ, ಎಷ್ಟು ಗುಂಡು, ಯಾವ ದಿಕ್ಕಿನಿಂದ ಹಾರಿತು ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯ ಹೇಳುತ್ತದೆ. ಬಾಯಿಮಾತಿಗಿಂತ ಆ ವರದಿಗೆ ತೂಕ ಹೆಚ್ಚು.

ಚುನಾವಣೆ ಮತ್ತು ವಾರಸುದಾರರು

ಚುನಾವಣೆ ಘೋಷಣೆಯಾದಾಗ ಪರವಾನಗಿ ಪಡೆದ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಹೊರಡುತ್ತದೆ. ಈ ಐದೂ ತಾಲ್ಲೂಕುಗಳ ಪ್ರದೇಶ ಚಿಕ್ಕೋಡಿ ಲೋಕಸಭಾ ಕ್ಷೇತ್ರದ ವ್ಯಾಪ್ತಿಯಲ್ಲಿದ್ದು, 2024ರ ಮೇ 7ರಂದು ಇಲ್ಲಿ ಮತದಾನ ನಡೆದಿತ್ತು. ಜೀವ ಬೆದರಿಕೆ ಇರುವವರು, ಬ್ಯಾಂಕ್ ಕಾವಲುಗಾರರು ವಿನಾಯಿತಿ ಕೋರಿದರೆ ಪರಿಶೀಲನಾ ಸಮಿತಿ ತೀರ್ಮಾನಿಸುತ್ತದೆ. ಠೇವಣಿಯ ರಸೀದಿಯಲ್ಲಿ ಆಯುಧದ ಸಂಖ್ಯೆ ಮತ್ತು ಗುಂಡುಗಳ ಲೆಕ್ಕ ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು ಪರವಾನಗಿದಾರನ ಜವಾಬ್ದಾರಿ.

ಹಳೆಯ ಮನೆತನಗಳಲ್ಲಿ ಇನ್ನೊಂದು ತೊಡಕಿದೆ. ಪರವಾನಗಿ ಇದ್ದ ಹಿರಿಯರು ತೀರಿಕೊಂಡ ಮೇಲೆ ಅವರ ಆಯುಧ ಟ್ರಂಕಿನಲ್ಲಿಯೇ ಉಳಿದುಬಿಡುತ್ತದೆ. ಪರವಾನಗಿ ವ್ಯಕ್ತಿಗೆ ಸೇರಿದ್ದೇ ಹೊರತು ಮನೆತನಕ್ಕಲ್ಲ. ಪರವಾನಗಿದಾರ ತೀರಿಕೊಂಡರೆ ಆಯುಧವನ್ನು ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯ ಬಳಿ ಠೇವಣಿ ಇಡಬೇಕೆಂದು ಕಾಯ್ದೆಯ 21ನೇ ಕಲಮು ಹೇಳುತ್ತದೆ. ವಾರಸುದಾರರು ಆಮೇಲೆ ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬಹುದು, ಇಲ್ಲವೇ ಪರವಾನಗಿ ಉಳ್ಳವರಿಗೆ ಮಾರಬಹುದು. ಅಜ್ಜನ ನೆನಪೆಂದು ಇಟ್ಟುಕೊಂಡ ಆಯುಧ ಮೊಮ್ಮಗನ ಮೇಲೆ ಪ್ರಕರಣವಾಗಿ ಎರಗಬಾರದು.

ಪರವಾನಗಿ ತಡವಾಗುತ್ತದೆ, ಬೆಲೆ ಹೆಚ್ಚು ಎಂದು ಅಗ್ಗದ ನಾಡ ಪಿಸ್ತೂಲಿನ ಮೊರೆಹೋಗುವುದು ಎಲ್ಲಕ್ಕಿಂತ ಅಪಾಯಕಾರಿ. ಅದನ್ನು ಇಟ್ಟುಕೊಂಡವನು ಮೊದಲ ದಿನದಿಂದಲೇ ಅಪರಾಧಿ. ಕೈಯಲ್ಲೇ ಸಿಡಿದರೆ ದೂರು ಕೊಡುವಂತೆಯೂ ಇಲ್ಲ.

ನಗದಿನ ಬದಲು ಬ್ಯಾಂಕ್ ವರ್ಗಾವಣೆ, ಹಣ ಒಯ್ಯುವಾಗ ಜೊತೆಗೊಬ್ಬರು, ತೋಟದ ಮನೆಗೆ ಬೆಳಕು ಮತ್ತು ಕ್ಯಾಮೆರಾ, ಬೀಟ್ ಪೊಲೀಸರ ಪರಿಚಯ, ಕೈಗೆಟುಕುವಲ್ಲಿ 112 ಸಂಖ್ಯೆ, ಇವು ಪರವಾನಗಿ ಬೇಡದ ರಕ್ಷಣೆಗಳು. ಇವೆಲ್ಲವನ್ನೂ ಮಾಡಿಯೂ ಜೀವಭಯ ಉಳಿದವರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಸಲ್ಲಿಸಬಹುದು. ಪರವಾನಗಿ ಕೈಗೆ ಬಂದ ದಿನ ಅದರ ಷರತ್ತುಗಳ ಪುಟವನ್ನು, ಅದರಲ್ಲೂ ಊರ್ಜಿತ ಪ್ರದೇಶದ ಸಾಲನ್ನು, ಓದಿಕೊಂಡ ನಂತರವೇ ರಿವಾಲ್ವರ್ ಕೊಳ್ಳಲು ಹೊರಡುವುದು ಒಳಿತು.